ಮಲೆನಾಡಿನ ಹಳ್ಳದ ಮೀನು, ನೀರುಗಿಡ ನೋಡಬೇಕು: ಯಾವಾಗ ಹೋಗಲಿ, ಹೇಗೆ ಹುಡುಕಲಿ?

ಗಂಗಾವತಿ_ಗಾಜಿನತೊಟ್ಟಿ

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯವನು. ಇಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್. ಮನೆಯಲ್ಲಿ 3 ಅಡಿ ಅಕ್ವೇರಿಯಂ ಇದೆ, 8 ವರ್ಷದಿಂದ ಮೀನು ಸಾಕುತ್ತಿದ್ದೇನೆ. ಗಪ್ಪಿ, ನಿಯಾನ್ ಟೆಟ್ರಾ, ಏಂಜಲ್ ಎಲ್ಲ ಇಟ್ಟು ನೋಡಿದ್ದಾಯಿತು. ಹೋದ ತಿಂಗಳು ಮಗಳು ತೊಟ್ಟಿ ಮುಂದೆ ಕೂತು, "ಅಪ್ಪಾ, ಇದರಲ್ಲಿ ನಮ್ಮ ಕಡೆ ಮೀನು ಯಾವುದು?" ಅಂತ ಕೇಳಿದಳು. ನೋಡಿದರೆ ಒಂದೂ ಇಲ್ಲ. ಮೂರೂ ದಕ್ಷಿಣ ಅಮೆರಿಕದವು.

ಅವತ್ತಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ನಮ್ಮ ಗದ್ದೆಗೆ ಬರುವುದು ತುಂಗಭದ್ರಾ ಎಡದಂಡೆ ಕಾಲುವೆ ನೀರು. ಅಣೆಕಟ್ಟಿಗೆ ಆ ನೀರು ಬರುವುದು ಮಲೆನಾಡಿನ ನೂರಾರು ಸಣ್ಣ ಹಳ್ಳಗಳಿಂದ. 41 ವರ್ಷ ಈ ಹೊಳೆ ನಂಬಿಕೊಂಡೇ ಬದುಕಿದ್ದೇನೆ, ಅದು ಹುಟ್ಟುವ ಕಾಡು ಹೇಗಿದೆ ಅಂತ ಗೊತ್ತಿಲ್ಲ. ಎರಡು ವರ್ಷದ ಹಿಂದೆ ಗೆಳೆಯರ ಜೊತೆ ಆ ಕಡೆ ಒಂದು ಜಲಪಾತಕ್ಕೆ ಹೋಗಿದ್ದೆ. ನೀರು ಕೆಂಪಗೆ, ಜನ ಜಾಸ್ತಿ, ಒಂದು ಮೀನೂ ಕಾಣಲಿಲ್ಲ.

ಈ ಸಲ ಮೀನು, ಗಿಡ ನೋಡೋಕೆ ಅಂತಲೇ ಮಗಳನ್ನು ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದೇನೆ. ಆಗುಂಬೆ ಕಡೆ ಆಸೆ. ಯಾವ ತಿಂಗಳು ಒಳ್ಳೆಯದು? ಹಳ್ಳದಲ್ಲಿ ಎಲ್ಲಿ ನೋಡಬೇಕು? ಒಂದೆರಡು ಗಿಡ ತಂದರೆ ತಪ್ಪಾ? ಹಿಂದೊಮ್ಮೆ ಆನ್‌ಲೈನ್‌ನಲ್ಲಿ ಒಬ್ಬರಿಂದ "ಪಶ್ಚಿಮ ಘಟ್ಟದ ಕ್ರಿಪ್ಟೋಕೊರೈನ್" ಅಂತ 6 ಗಿಡ ತರಿಸಿದ್ದೆ. 10 ದಿನದಲ್ಲಿ ಎಲೆಯೆಲ್ಲ ಕೊಳೆತು ಗಂಜಿಯಾಯಿತು, ಕಿತ್ತು ಎಸೆದೆ. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣದ ಅಳತೆ, ನನ್ನ ಮೀಟರಿನಲ್ಲಿ 1,100 ತೋರಿಸುತ್ತದೆ. ಅದೇ ಕಾರಣವಾ?

ತೋರಣಗಲ್ಲಿಂದ_ತುಂಗೆಯವ

ಅಣ್ಣಾ, ನಿಮ್ಮ ಪೋಸ್ಟ್ ಓದಿ ಊರು ನೆನಪಾಯಿತು. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕು. ಕೆಲಸಕ್ಕೆ ಅಂತ ತೋರಣಗಲ್ಲಿಗೆ ಬಂದು 14 ವರ್ಷ ಆಯಿತು.

ಮೊದಲು ಕಾಲದ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಬೇಡಿ. ನಮ್ಮ ಬಳ್ಳಾರಿ, ಕೊಪ್ಪಳ ಕಡೆ ವರ್ಷವಿಡೀ 600 ಮಿ.ಮೀ. ಆಸುಪಾಸು ಮಳೆ. ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ, ಬಹುಪಾಲು ಆ ನಾಲ್ಕು ತಿಂಗಳಲ್ಲೇ. ಹಳ್ಳ ಒಂದು ಗಂಟೆಯಲ್ಲಿ ಎದೆಮಟ್ಟ ಏರುತ್ತದೆ. ಮೀನಿಗೆ ಮಾತ್ರ ಅದು ಹಬ್ಬದ ಕಾಲ. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ಇಡೋಕೆ ಹತ್ತಿ ಬರುತ್ತವೆ. ನಾವು ಅದಕ್ಕೆ ಹತ್ಮೀನು ಅನ್ನುತ್ತೇವೆ. ರಾತ್ರಿ ಬ್ಯಾಟರಿ, ಕತ್ತಿ ಹಿಡಿದು ಊರಿಗೆ ಊರೇ ಹತ್ಮೀನು ಕಡಿಯೋಕೆ ಹೋಗುತ್ತಿತ್ತು. ನಾನೂ ಹೋಗಿದ್ದೇನೆ. ಹೊಟ್ಟೆ ತುಂಬ ಮೊಟ್ಟೆ ಇದ್ದ ಮೀನುಗಳನ್ನೇ ಕಡಿಯುತ್ತಿದ್ದೆವು ಅಂತ ಈಗ ನೆನೆದರೆ ಮನಸ್ಸಿಗೆ ಕಷ್ಟವಾಗುತ್ತದೆ.

ಅಕ್ಟೋಬರ್ ಕೊನೆ, ನವೆಂಬರ್ ಒಳ್ಳೆಯದು. ನೀರು ತಿಳಿಯಾಗಿರುತ್ತದೆ, ಹರಿವೂ ಇರುತ್ತದೆ. ಫೆಬ್ರವರಿ ಮೇಲೆ ನೀರು ಇಳಿದು ಮೀನೆಲ್ಲ ಮಡುಗಳಲ್ಲಿ ಸೇರುತ್ತವೆ, ನೋಡೋಕೆ ಸುಲಭ. ಆದರೆ ಡಿಸೆಂಬರ್‌ನಿಂದ ಮೇವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿ ಮಂಗನ ಕಾಯಿಲೆ ಕಾಲ. ಉಣ್ಣೆ ಕಚ್ಚಿ ಬರುವ ಜ್ವರ. ಮಗಳು ಜೊತೆಗಿದ್ದಾಳೆ, ನವೆಂಬರ್‌ನಲ್ಲೇ ಮುಗಿಸಿ.

ಎಲ್ಲಿ ನೋಡಬೇಕು ಅಂದ್ರಿ. ಜಲಪಾತ ಬಿಡಿ. ಮೊಣಕಾಲುದ್ದದ, ನೆರಳಿರುವ ಹಳ್ಳ ಸಾಕು. ದಡಕ್ಕೆ ಬಂದ ತಕ್ಷಣ ನೀರಿಗೆ ಇಳಿಯಬೇಡಿ. ನಿಮ್ಮ ನೆರಳು ನೀರಿನ ಮೇಲೆ ಬೀಳದ ಹಾಗೆ ಕೂತು 20 ನಿಮಿಷ ಸುಮ್ನೆ ಇರಿ. ಮೊದಲು ಬರೀ ಕಲ್ಲು ಕಾಣುತ್ತದೆ. ಆಮೇಲೆ ಒಂದೊಂದು ಕಲ್ಲೂ ಅಲ್ಲಾಡುತ್ತದೆ.

ಒಂದೇ ಹಳ್ಳದಲ್ಲಿ ಒಂದೊಂದು ಮೀನಿಗೆ ಒಂದೊಂದು ಮನೆ. ನೀರು ಬಿಳಿ ನೊರೆಯಾಗಿ ಬೀಳುವ ಕಡೆ ಕಲ್ಲಿಗೆ ಕಚ್ಚಿಕೊಂಡಿರುವುದು ಗಾರಾ. ಬಾಯಿ ಹಿಂದೆ ಕೆಳಗಡೆ ಗುಂಡನೆ ಬಿಲ್ಲೆಯಂಥದ್ದಿದೆ, ಅದರಲ್ಲಿ ಹಿಡಿದುಕೊಂಡು ಪಾಚಿ ಕೆರೆದು ತಿನ್ನುತ್ತದೆ. ಅದರ ಕೆಳಗೆ ಜಲ್ಲಿ ಕಲ್ಲುಗಳ ಸಂದಿನಲ್ಲಿ ಮೈಗೆ ಅಡ್ಡ ಪಟ್ಟೆ ಇರುವ ಲೋಚ್. ಹರಿವು ನಿಧಾನವಾಗಿ ಮಡುವಿಗೆ ಸೇರುವಲ್ಲಿ ಗುಂಪು ಗುಂಪಾಗಿ ಡೆವಾರಿಯೋ, ನೀಲಿ ಹಳದಿ ಗೆರೆಯವು. ಎಲ್ಲವೂ ಹರಿವಿಗೆ ಎದುರಾಗಿ ಮುಖ ಮಾಡಿ ನಿಂತು, ತೇಲಿ ಬರುವ ಹುಳಕ್ಕೆ ಕಾಯುತ್ತಿರುತ್ತವೆ. ದಡದ ಬೇರಿನ ಕೆಳಗೆ, ನೀರು ನಿಂತಂತಿರುವ ಕಡೆ, ಮೇಲ್ಮೈಗೆ ಅಂಟಿಕೊಂಡ ಹಾಗೆ ಕಿಲ್ಲಿ ಮೀನು. ತಲೆ ಮೇಲೆ ಬೆಳ್ಳಿ ಚುಕ್ಕೆ ಹೊಳೆಯುತ್ತದೆ.

ಇನ್ನೊಂದು ಮಾತು. ಆಗುಂಬೆಯಲ್ಲಿ ಒಂದೇ ಗುಡ್ಡದ ಮಳೆ ಎರಡು ದಿಕ್ಕಿಗೆ ಹೋಗುತ್ತದೆ. ಮಾಲತಿ ಪೂರ್ವಕ್ಕೆ ಹರಿದು ತುಂಗೆ ಸೇರುತ್ತದೆ, ಅಂದರೆ ನಿಮ್ಮ ಗದ್ದೆಗೆ ಬರುತ್ತದೆ. ಸೀತಾ ನದಿ ಘಟ್ಟ ಇಳಿದು ಅರಬ್ಬಿ ಸಮುದ್ರಕ್ಕೆ. ಆ ಸೀತೆಯ ಮೇಲ್ಭಾಗದ ಮೀನೊಂದನ್ನು 2010ರಲ್ಲಿ ಹೊಸ ಕುಲ ಅಂತಲೇ ಹೆಸರಿಸಿದರು, ಬೆಟಾಡೆವಾರಿಯೋ. ನಾವು ಓಡಾಡಿದ ಜಾಗದಲ್ಲೇ ಅದು ಇತ್ತು, ಹೆಸರಿಲ್ಲದೆ.

ಆಗುಂಬೆ ಪಕ್ಕದ ಸೋಮೇಶ್ವರ ಅಭಯಾರಣ್ಯದ ಒಳಗೆ ಅನುಮತಿ ಇಲ್ಲದೆ ಹೋಗಬೇಡಿ. ಅಲ್ಲಿಂದ ಒಂದು ಮೀನು, ಒಂದು ಎಲೆ ಕೂಡ ತರುವ ಹಾಗಿಲ್ಲ. ಹೋಂಸ್ಟೇ ಇರುವ ತೋಟದ ಹಳ್ಳ ನೋಡಿ, ಮನೆಯವರನ್ನು ಕೇಳಿ. ಇಂಬಳಕ್ಕೆ ಉದ್ದ ಕಾಲುಚೀಲ ಹಾಕಿ. ಕಾಲಿಗೆ ಹೊಗೆಸೊಪ್ಪು, ಸುಣ್ಣ ಬಳಿದುಕೊಂಡು ಹಳ್ಳಕ್ಕೆ ಇಳಿಯಬೇಡಿ, ಅದು ನೀರಿಗೆ ಹೋಗುತ್ತದೆ.

ರಾಯಚೂರು_ಸಸ್ಯದಮೇಡಂ

ನಾನು ರಾಯಚೂರಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಗಿಡದ ಬಗ್ಗೆ ಮಾತ್ರ ಹೇಳುತ್ತೇನೆ.

ನಿಮ್ಮ ಕ್ರಿಪ್ಟೋಕೊರೈನ್ ಬಹುಶಃ ಸತ್ತಿರಲಿಲ್ಲ. ನೀರು, ಬೆಳಕು ಬದಲಾದರೆ ಆ ಗಿಡ ಎಲೆಯನ್ನೆಲ್ಲ ಕೊಳೆಸಿ ಬಿಡುತ್ತದೆ, ಮಣ್ಣಿನೊಳಗಿನ ಗೆಡ್ಡೆ ಮಾತ್ರ ಬದುಕಿರುತ್ತದೆ. ಮೂರ್ನಾಲ್ಕು ವಾರ ಸುಮ್ನೆ ಬಿಟ್ಟಿದ್ದರೆ ಹೊಸ ಎಲೆ ಬರುತ್ತಿತ್ತು. 1,100 ಟಿಡಿಎಸ್ ಅದಕ್ಕೆ ಜಾಸ್ತಿ. ಮಳೆಕಾಡಿನ ಹಳ್ಳಕ್ಕೆ ಬರುವುದು ಹೆಚ್ಚುಕಡಿಮೆ ಮಳೆ ನೀರೇ, ಕರಗಿದ ಲವಣ ತೀರಾ ಕಡಿಮೆ. ನಮ್ಮ ಕಡೆ ನೀರು ವರ್ಷಗಟ್ಟಲೆ ಬಂಡೆ ಸಂದಿನಲ್ಲಿ ಕೂತು ಲವಣ ಹೀರಿಕೊಂಡು ಬೋರ್‌ವೆಲ್‌ಗೆ ಬರುತ್ತದೆ. ಆರ್‌ಓ ನೀರು ಬೆರೆಸಿ 200ರ ಹತ್ತಿರ ತನ್ನಿ. ಒಂದೇ ದಿನದಲ್ಲಿ ಬೇಡ, ನಿಧಾನವಾಗಿ.

ಹಳ್ಳದ ದಡದಲ್ಲಿ ಕೆಸುವಿನ ಎಲೆ ಉದ್ದವಾದ ಹಾಗೆ ಕಾಣುವ ಗಿಡ ಸಿಕ್ಕರೆ ಅದು ಲಾಗೆನಾಂಡ್ರಾ ಇರಬಹುದು, ಕ್ರಿಪ್ಟೋಕೊರೈನ್ ಇರಬಹುದು. ಎರಡೂ ಕೆಸುವಿನ ಕುಟುಂಬವೇ, ಅಕ್ಕ ತಂಗಿಯರ ಹಾಗಿವೆ. ಹೂವಿಲ್ಲದಾಗ ಗುರುತಿಸೋಕೆ ಬಿಚ್ಚದ ಹೊಸ ಎಲೆ ನೋಡಿ. ಎಲೆಯ ಎರಡೂ ಅಂಚು ಎರಡು ಕಡೆಯಿಂದ ಒಳಕ್ಕೆ ಸುತ್ತಿಕೊಂಡು ನಡುವೆ ಸೇರಿದ್ದರೆ ಲಾಗೆನಾಂಡ್ರಾ. ಚಾಪೆ ಸುತ್ತಿದ ಹಾಗೆ ಒಂದೇ ಸುರುಳಿ ಇದ್ದರೆ ಕ್ರಿಪ್ಟೋಕೊರೈನ್. ಕಿತ್ತು ನೋಡಬೇಕಿಲ್ಲ, ಮುಟ್ಟಲೂ ಬೇಕಿಲ್ಲ. ಲಾಗೆನಾಂಡ್ರಾ ರಸ ತಗುಲಿದರೆ ಕೈ ತುರಿಸುತ್ತದೆ, ಮಗುವಿಗೆ ಹೇಳಿರಿ.

ನೀರು ರಭಸವಾಗಿ ಹರಿಯುವ ಬಂಡೆ ಮೇಲೆ ಪಾಚಿ ಮೆತ್ತಿದ ಹಾಗೆ ಇರುವುದನ್ನು ಬಗ್ಗಿ ನೋಡಿ. ಅದರಲ್ಲಿ ಕೆಲವು ಪಾಚಿಯೇ ಅಲ್ಲ. ಪೊಡೊಸ್ಟೆಮೇಸೀ ಅನ್ನುವ ಕುಟುಂಬದ ಹೂ ಬಿಡುವ ಗಿಡಗಳು. ಮಳೆಗಾಲವಿಡೀ ನೀರಿನೊಳಗೆ ಬಂಡೆಗೆ ಅಂಟಿಕೊಂಡಿದ್ದು, ನೀರು ಇಳಿದು ಮೈ ಹೊರಗೆ ಬಂದಾಗ ಪುಟ್ಟ ಹೂ ಬಿಡುತ್ತವೆ. ಮನೆಯ ಅಕ್ವೇರಿಯಂನಲ್ಲಿ ಅವನ್ನು ಬದುಕಿಸುವುದು ಬಹಳ ಕಷ್ಟ. ಅಲ್ಲಿಗೇ ಹೋಗಿ ನೋಡಬೇಕು.

"ಒಂದೆರಡು ಗಿಡ" ಅಂದ್ರಿ. ಕ್ರಿಪ್ಟೋಕೊರೈನ್ ಬೆಳೆಯುವುದು ಬಹಳ ನಿಧಾನ. ಬಂದವರೆಲ್ಲ ಒಂದೆರಡು ತಂದರೆ ಒಂದು ದಡ ಖಾಲಿಯಾಗೋಕೆ ಎಷ್ಟು ದಿನ ಬೇಕು? ದಯವಿಟ್ಟು ತರಬೇಡಿ. ನರ್ಸರಿಯಲ್ಲಿ ಬೆಳೆಸಿದ್ದು ಸಿಗುತ್ತದೆ, ಅದನ್ನೇ ಕೊಳ್ಳಿ. ನಿಮ್ಮ ಗಪ್ಪಿ, ಏಂಜಲ್‌ಗಳನ್ನು ಕಾಲುವೆಗೆ ಬಿಡಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಅಕ್ವೇರಿಯಂನಿಂದ ಬಿಟ್ಟ ಸಕ್ಕರ್ ಮೀನು ದೇಶದ ಎಷ್ಟೋ ಕೆರೆಗಳಲ್ಲಿ ತುಂಬಿಕೊಂಡಿದೆ.

ಗಂಗಾವತಿ_ಗಾಜಿನತೊಟ್ಟಿ

ಮೇಡಂ, ಗೆಡ್ಡೆ ಎಸೆದದ್ದು ನೆನೆದು ಹೊಟ್ಟೆ ಉರಿಯಿತು. ಗಿಡ ತರುವುದಿಲ್ಲ, ಮಾತು ಕೊಟ್ಟೆ. ಅಣ್ಣಾ, ನೀರಿನ ಮೇಲೆ ಹೊಳಪು ಹೊಡೆದರೆ ಒಳಗೆ ಕಾಣುವುದಿಲ್ಲವಲ್ಲ, ಅದಕ್ಕೇನು ಮಾಡುತ್ತೀರಿ?

ತೋರಣಗಲ್ಲಿಂದ_ತುಂಗೆಯವ

6 ಇಂಚಿನ ಪಿವಿಸಿ ಪೈಪು, ಎರಡು ಅಡಿ ಉದ್ದ. ಒಂದು ತುದಿಗೆ ಗಾಜು ಕೂರಿಸಿ ಸಿಲಿಕಾನ್ ಹಚ್ಚಿ ಎರಡು ದಿನ ಒಣಗಿಸಿ. ಗಾಜಿನ ತುದಿ ನೀರಲ್ಲಿ ಅದ್ದಿ ಮೇಲಿಂದ ನೋಡಿ. ನಿಮ್ಮ ಕೈಗೆ ಇದು ದೊಡ್ಡ ಕೆಲಸ ಅಲ್ಲ.

ಗಂಗಾವತಿ_ಗಾಜಿನತೊಟ್ಟಿ

ಹೋಗಿ ಬಂದೆವು. ನವೆಂಬರ್ ಎರಡನೇ ವಾರ, ಮೂರು ದಿನ. ಹೊಸಪೇಟೆ, ಹರಿಹರ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಹತ್ತಿರ ಒಂದು ಅಡಿಕೆ ತೋಟದ ಮನೆಯಲ್ಲಿ ಉಳಿದಿದ್ದೆವು. ತೋಟದ ಕೆಳಗೇ ಹಳ್ಳ. ಮನೆಯ ಯಜಮಾನರು ತಾವೇ ಬಂದು ಜಾಗ ತೋರಿಸಿ, "ಈ ನೀರು ಮಾಲತಿಗೆ ಹೋಗ್ತದೆ" ಅಂದರು. ನಮ್ಮ ಕಾಲುವೆ ಕಣ್ಣ ಮುಂದೆ ಬಂತು.

ಮೊದಲ ದಿನ ನಾವು ಮಾತಾಡಿಕೊಂಡು ಇಳಿದೆವು, ಏನೂ ಕಾಣಲಿಲ್ಲ. ಎರಡನೇ ದಿನ ಬೆಳಿಗ್ಗೆ 9ಕ್ಕೆ ಹೋಗಿ ಬಂಡೆ ಮೇಲೆ ಕೂತೆವು. ನಿಜ ಹೇಳಬೇಕೆಂದರೆ 20 ನಿಮಿಷ ಸುಮ್ನೆ ಕೂರುವುದು ನನಗೇ ಕಷ್ಟವಾಯಿತು, ಮಗಳು ಅಲ್ಲಾಡಲಿಲ್ಲ. ಅವಳೇ ಮೊದಲು ನನ್ನ ತೋಳು ಒತ್ತಿದಳು. ಮಡುವಿನ ತಲೆಯಲ್ಲಿ ಎಂಟು ಹತ್ತು ಡೆವಾರಿಯೋ, ನೀವು ಹೇಳಿದ ಹಾಗೆ ಎಲ್ಲ ಒಂದೇ ಕಡೆ ಮುಖ. ಮೇಲಿಂದ ಒಂದು ಇರುವೆ ತೇಲಿ ಬಂತು. ಮುಂದಿದ್ದದ್ದು ಬಾಲ ಒಂದು ಸಲ ಬಡಿದು ಮೇಲೆ ಬಂದು ನುಂಗಿ, ಮತ್ತೆ ಹಿಂದಕ್ಕೆ ಸರಿದು ಅದೇ ಜಾಗದಲ್ಲಿ ನಿಂತಿತು. ನನ್ನ ತೊಟ್ಟಿಯ ಮೀನು ನಾನು ಡಬ್ಬಿ ಮುಚ್ಚಳ ತೆಗೆದ ಸದ್ದಿಗೆ ಓಡಿ ಬರುತ್ತವೆ. ಈ ಮೀನಿಗೆ ಕಾಡೇ ಊಟ ಕೊಡುತ್ತದೆ.

ಪೈಪಿನಲ್ಲಿ ನೋಡಿದ್ದು ಬೇರೆಯದೇ. ಗಾಜು ನೀರಿಗೆ ಮುಟ್ಟಿದ ಕೂಡಲೇ ಹೊಳಪು ಹೋಯಿತು. ಒಂದು ಕಲ್ಲಿನ ಮೇಲೆ ಬೆರಳುದ್ದದ ಗಾರಾ. ಪಾಚಿ ಕೆರೆದ ಕಡೆ ಕಲ್ಲು ಗೀಚಿದ ಸ್ಲೇಟಿನ ಹಾಗೆ ಕಾಣುತ್ತಿತ್ತು. ಹರಿವು ಜೋರಾದಾಗ ಮುಂದಿನ ರೆಕ್ಕೆ ಅಗಲಿಸಿ ಕಲ್ಲಿಗೆ ಒತ್ತಿಕೊಳ್ಳುತ್ತದೆ, ಕಡಿಮೆಯಾದಾಗ ಅರ್ಧ ಇಂಚು ಮುಂದೆ ಜಾರುತ್ತದೆ. ಅಪ್ಪ ಮಗಳು ಸರದಿ ಮೇಲೆ ಒಂದೂವರೆ ಗಂಟೆ ಅದನ್ನೇ ನೋಡಿದೆವು.

ಅಣ್ಣಾ, ಒಂದು ಬೇಸರದ ವಿಷಯವೂ ಹೇಳಬೇಕು. ಹಳ್ಳದ ಇನ್ನೊಂದು ತಿರುವಿನಲ್ಲಿ ಹೋದ ಬೇಸಿಗೆ ಯಾರೋ ಬ್ಲೀಚಿಂಗ್ ಪೌಡರ್ ಹಾಕಿ ಮೀನು ಹಿಡಿದಿದ್ದರಂತೆ. ಯಜಮಾನರು ಹೇಳಿದರು. ಅಲ್ಲಿ ಕಲ್ಲಿದೆ, ನೀರಿದೆ, ನೆರಳಿದೆ. ಅರ್ಧ ಗಂಟೆ ಕೂತರೂ ಒಂದು ಲೋಚ್ ಕಾಣಲಿಲ್ಲ. ಒಂದು ಮಳೆಗಾಲ ಕಳೆದರೂ ವಾಪಸ್ ಬಂದಿಲ್ಲ. ಮಗಳು ಊರಿಗೆ ಬರುವ ದಾರಿಯುದ್ದಕ್ಕೂ ಅದನ್ನೇ ಕೇಳುತ್ತಿದ್ದಳು.

ತೊಟ್ಟಿಯಲ್ಲಿ ಈಗ ನೀರಿನ ಟಿಡಿಎಸ್ 240ಕ್ಕೆ ತಂದಿದ್ದೇನೆ. ಒಂದು ತುದಿಯಲ್ಲಿ ಪಂಪ್ ಇಟ್ಟು ಹರಿವು ಮಾಡಿದ್ದೇನೆ. ಗುಂಡುಕಲ್ಲು ಇಲ್ಲಿನ ಅಂಗಡಿಯದು, ಕ್ರಿಪ್ಟೋಕೊರೈನ್ ಸ್ಪೈರಾಲಿಸ್ ನರ್ಸರಿಯದು. ಎಲೆ ಕೊಳೆಯಿತು, ಗೆಡ್ಡೆ ಮುಟ್ಟಿಲ್ಲ. ಏಂಜಲ್‌ಗಳನ್ನು ಗೆಳೆಯನ ತೊಟ್ಟಿಗೆ ಕೊಟ್ಟೆ.

ಮೇಡಂ, ದಡದ ಗಿಡದ ಫೋಟೋ ಹಾಕಿದ್ದೇನೆ. ಮಗಳು ಮಂಡಿ ಊರಿ ಬಿಚ್ಚದ ಎಲೆಯನ್ನೇ ಹುಡುಕಿ ಫೋಟೋ ತೆಗೆದದ್ದು. ಎರಡೂ ಅಂಚು ಒಳಕ್ಕೆ ಸುತ್ತಿದೆ ಅಂತ ಅವಳ ವಾದ. ನನಗೆ ಒಂದೇ ಸುರುಳಿ ಅನ್ನಿಸುತ್ತದೆ.

ರಾಯಚೂರು_ಸಸ್ಯದಮೇಡಂ

ಫೋಟೋ ದೊಡ್ಡದು ಮಾಡಿ ನೋಡಿದೆ. ಎಡಗಡೆ ಒಂದು ಸುರುಳಿ, ಬಲಗಡೆ ಒಂದು ಸುರುಳಿ, ನಡುವೆ ಗೆರೆ. ಲಾಗೆನಾಂಡ್ರಾ. ಮಗಳು ಹೇಳಿದ್ದೇ ಸರಿ.