ರೆಟಿಕ್ 11%, ಜಿ6ಪಿಡಿ ನಾರ್ಮಲ್: ಪ್ರಿಮಾಕ್ವಿನ್ ಕೊಡಲೇ?

ಪ್ರಶ್ನೆ: ಮಂಗಳೂರಿನ ಕಟ್ಟಡ ಕಾರ್ಮಿಕ, 60 ಕೆಜಿ, ವೈವಾಕ್ಸ್ ಮಲೇರಿಯಾ. ಕ್ಲೋರೋಕ್ವಿನ್ ಮುಗಿದಿದೆ. ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಪಾಲು) 24%, ಮಷೀನಿನಲ್ಲಿ ರೆಟಿಕ್ (ಮೂಳೆಮಜ್ಜೆಯಿಂದ ಆಗಷ್ಟೇ ಬಂದ ಎಳೆಯ ಕೆಂಪುಕಣ) 11%. ಜಿ6ಪಿಡಿ (ಕೆಂಪುಕಣ ಕಾಯುವ ಎಂಜೈಮ್; ಇದರ ಕೊರತೆ ಇದ್ದರೆ ಪ್ರಿಮಾಕ್ವಿನ್ ಕಣಗಳನ್ನು ಒಡೆಯುತ್ತದೆ) ಸ್ಪಾಟ್ ಟೆಸ್ಟ್ ನಾರ್ಮಲ್. ಲಿವರ್‌ನಲ್ಲಿ ಅಡಗಿದ ಪರೋಪಜೀವಿಗೆ 14 ದಿನದ ಪ್ರಿಮಾಕ್ವಿನ್ ಶುರು ಮಾಡಬಹುದೇ? ಅನುಭವಸ್ಥರು ಹೇಳಿ.

ಬೆಂಚಿನವ: ಆ ನಾರ್ಮಲ್ ರಿಪೋರ್ಟನ್ನು ಬುಟ್ಟಿಗೆ ಹಾಕಿ. ಎಂಜೈಮ್ ಬತ್ತಿದ ಮುದಿ ಕಣಗಳು ಆಗಲೇ ಒಡೆದುಹೋಗಿವೆ, ನೀವು ಅಳೆದದ್ದು ಉಳಿದ ಎಳೆಯ ಕಣಗಳನ್ನು. ಯೂನಿಟ್ ಲೆಕ್ಕ ಕೊಡುವ ಟೆಸ್ಟ್ ಮಾಡಿಸಿ, ಅದೇ ಸ್ಯಾಂಪಲ್‌ನಲ್ಲಿ ಪೈರುವೇಟ್ ಕೈನೇಸ್ ಎಂಬ ಇನ್ನೊಂದು ಎಂಜೈಮನ್ನೂ ನೋಡಿ. ಅದೂ ಎಳೆ ಕಣದಲ್ಲಿ ಏರುತ್ತದೆ. ಅದು ಏರಿ ಜಿ6ಪಿಡಿ ಮಾತ್ರ ಏರದೆ ನಿಂತಿದ್ದರೆ ಕೊರತೆಯ ಅನುಮಾನ ಗಟ್ಟಿ. ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಬೆರೆತ ರಕ್ತ, 2–8 ಡಿಗ್ರಿ, ಫ್ರೀಜರ್‌ಗೆ ಬೇಡ. ಬಫಿ ಕೋಟ್ (ಬಿಳಿಕಣಗಳ ಪದರ) ತೆಗೆಯದಿದ್ದರೆ ಬಿಳಿಕಣದ ಎಂಜೈಮ್ ಸೇರಿ ಮತ್ತೊಂದು ಸುಳ್ಳು. ರಕ್ತ ಹಾಕಿದ್ದರಂತೂ ದಾನಿಯ ಎಂಜೈಮ್ ಅಳೆದ ಹಾಗೆ. 3 ತಿಂಗಳು ಬಿಟ್ಟು ಮರುಪರೀಕ್ಷೆ.

ವಾರ್ಡ್ ಡಾಕ್ಟ್ರು: ಎಸಿ ರೂಮಿನಲ್ಲಿ ಕೂತು ಹೇಳೋದು ಸುಲಭ. ತಾಲ್ಲೂಕಿನಲ್ಲಿ ಪೈರುವೇಟ್ ಕೈನೇಸ್ ಎಲ್ಲಿಂದ ತರಲಿ? 3 ತಿಂಗಳೊಳಗೆ ಲಿವರ್‌ನಲ್ಲಿ ಮಲಗಿದ ಪರೋಪಜೀವಿ ಏಳಬಹುದು, ಆಳು ಊರು ಬಿಟ್ಟಿರುತ್ತಾನೆ. ಅನುಮಾನ ಇದ್ದರೆ ವಾರಕ್ಕೊಂದು ಡೋಸ್: ಕೆಜಿಗೆ 0.75 ಮಿ.ಗ್ರಾಂ, 8 ವಾರ. ಇವನಿಗೆ 45 ಮಿ.ಗ್ರಾಂ, ಅಂದರೆ 15ರ ಮೂರು ಮಾತ್ರೆ, ಊಟದ ಮೇಲೆ. 3 ಮತ್ತು 7ನೇ ದಿನ ಹಿಮೋಗ್ಲೋಬಿನ್. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ನಿಲ್ಲಿಸಿ.

ಬೆಂಚಿನವ: ಪಿಸಿವಿ 24 ಇರುವವನಿಗೆ ಒಂದೇ ಏಟಿಗೆ 45? ಮೊದಲು ರಕ್ತ ಏರಲಿ. ಮೆಡಿಟರೇನಿಯನ್ ನಮೂನೆ (ಜಿ6ಪಿಡಿ ಕೊರತೆಯ ತೀವ್ರ ಬಗೆ) ಆಗಿದ್ದರೆ ಎಳೆ ಕಣವೂ ತಡೆಯುವುದಿಲ್ಲ. ಆ ನಮೂನೆ ನಮ್ಮ ದೇಶದಲ್ಲಿ ಅಪರೂಪವೇನಲ್ಲ.

ಕಡಲತಡಿ: ಇಂಥ ರಕ್ತದೋಷ ಇದ್ದವರಿಗೆ ಮಲೇರಿಯಾ ತಾಗೋದೇ ಇಲ್ಲ ಅಂತಾರಲ್ಲ?

ಬೆಂಚಿನವ: ಅದು ಹೆಚ್ಚಾಗಿ ಫಾಲ್ಸಿಪಾರಂ (ಮಲೇರಿಯಾದ ಇನ್ನೊಂದು ಬಗೆ) ಮಾತು, ಅಲ್ಲೂ ಪೂರ್ತಿ ಅಲ್ಲ: ತೀವ್ರ ಕಾಯಿಲೆಯಿಂದ ರಕ್ಷಣೆ ಅಷ್ಟೆ. ವೈವಾಕ್ಸ್ ಹೊಕ್ಕುವುದೇ ರೆಟಿಕ್‌ಗೆ, ಅದರಲ್ಲೂ ಟ್ರಾನ್ಸ್‌ಫೆರಿನ್ ರಿಸೆಪ್ಟರ್ (ಕಬ್ಬಿಣ ಒಳಗೆಳೆಯುವ ಕೊಂಡಿ) ಇನ್ನೂ ಕಳೆದುಕೊಳ್ಳದ ತೀರಾ ಎಳೆಯದಕ್ಕೆ. ಪೆಸಿಫಿಕ್ ದ್ವೀಪದೇಶ ವನುವಾಟುವಿನಲ್ಲಿ ಆಲ್ಫಾ ಥಲಸೇಮಿಯಾದ (ಹುಟ್ಟಿನಿಂದ ಬರುವ ಹಿಮೋಗ್ಲೋಬಿನ್ ದೋಷ) ಪುಟ್ಟ ಮಕ್ಕಳಿಗೆ ವೈವಾಕ್ಸ್ ಹೆಚ್ಚೇ ಬಂದಿತ್ತು, 1996ರಲ್ಲಿ ಪ್ರಕಟವಾಗಿದೆ. ಬೇಗ ಬಂದ ವೈವಾಕ್ಸೇ ಮುಂದೆ ಫಾಲ್ಸಿಪಾರಂಗೆ ಲಸಿಕೆಯಂತಾಯಿತೇನೋ ಎಂಬ ಊಹೆಯೂ ಅಲ್ಲೇ ಇದೆ.

ಸ್ಲೈಡ್_ನೋಡಿ: ಇಬ್ಬರೂ ಕಾದಾಡುತ್ತಿದ್ದೀರಿ, ಆ 11 ನಿಜವೇ ಅಂತ ಯಾರೂ ಕೇಳಲಿಲ್ಲ! ಜ್ವರ ಇರುವಾಗ ಮಜ್ಜೆ ಮಂಕಾಗಿರುತ್ತದೆ, ರೆಟಿಕ್ ಏರುವುದು ಔಷಧ ಕೊಟ್ಟ ಮೇಲೆ. ಮಷೀನಿನ ಬಣ್ಣ ಪರೋಪಜೀವಿಯ ನ್ಯೂಕ್ಲಿಯಿಕ್ ಆಮ್ಲಕ್ಕೂ ಹಿಡಿಯುತ್ತದೆ. ಕೈಯಲ್ಲೇ ಎಣಿಸಿ: ರಕ್ತ, ನ್ಯೂ ಮೆಥಿಲೀನ್ ಬ್ಲೂ ಬಣ್ಣ ಸಮಪಾಲು, 37 ಡಿಗ್ರಿ, 15 ನಿಮಿಷ, 1000 ಕಣ ಎಣಿಸಿ. ನಿಜಕ್ಕೂ 11 ಬಂದರೂ 24/45ರಿಂದ (ಇವನ ಪಿಸಿವಿ, ನಾರ್ಮಲ್ ಪಿಸಿವಿಗೆ ಹೋಲಿಸಿ) ಗುಣಿಸಿ, ಸುಮಾರು 5.9.

ವಾರ್ಡ್ ಡಾಕ್ಟ್ರು: 5.9 ಕೂಡ ಜಾಸ್ತಿಯೇ.

ಸ್ಲೈಡ್_ನೋಡಿ: ಬಣ್ಣ ಸೋಸಿದ್ದರೆ ಮಾತ್ರ. ಸೋಸದ ಬಣ್ಣದ ಗಸಿ ಕಣದ ಮೇಲೆ ಕೂತರೆ ಎಲ್ಲವೂ ರೆಟಿಕ್ಕೇ.

ಬೆಂಚಿನವ: ಸೋಸದೆ ಯಾರ್ರೀ ಹಚ್ಚುತ್ತಾರೆ?

ಸ್ಲೈಡ್_ನೋಡಿ: ಕೊನೆಯ ಸಲ ಸೋಸಿದ ತಾರೀಖು ನಿಮ್ಮ ಬಾಟಲಿ ಮೇಲೆ ಬರೆದಿದೆಯಾ, ಅದನ್ನು ಹೇಳಿ ಮೊದಲು.