ರೀಸೆಟ್ ಶೇ. 64ಕ್ಕೆ ನಿಂತಿದೆ, ಆರಿಸಲೇ?

ತಂಗಿಯ ಓದಿಗೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಂಡೆ. ಹಿಂದಿನವರ ಫೋಟೊಗಳೆಲ್ಲ ಅದರಲ್ಲೇ ಇದ್ದವು. ಅಳಿಸಿಹೋಗಲಿ ಎಂದು ವಿಂಡೋಸ್‌ನ ರೀಸೆಟ್ ಒತ್ತಿದರೆ, ನಿನ್ನೆ ರಾತ್ರಿಯಿಂದ ಶೇ. 64ರಲ್ಲೇ ನಿಂತಿದೆ. ಬಲವಂತವಾಗಿ ಆರಿಸಬಹುದೇ? ಈ ಪಾಡು ಪಟ್ಟವರು ಹೇಳಿ.

— ಎರಡು ರಾತ್ರಿ ಕಾದು ಕುಳಿತ ಪೆದ್ದ ನಾನು, ಕೇಳಿ. ಡ್ರೈವ್ ಪೂರ್ತಿ ಶುಚಿಗೊಳಿಸುವ ಆಯ್ಕೆ ಒತ್ತಿದ್ದರೆ ಹಳೆಯ ಹಾರ್ಡ್ ಡಿಸ್ಕ್‌ಗೆ ಗಂಟೆಗಟ್ಟಲೆ ಹಿಡಿಯುವುದು ಸಹಜ. ಡಿಸ್ಕ್‌ನ ದೀಪ ಚುರುಕಾಗಿ ಮಿನುಗುತ್ತಿದ್ದರೆ ಸದ್ಯಕ್ಕೆ ಮುಟ್ಟಬೇಡಿ. ನನ್ನದರಲ್ಲಿ ದೀಪ ಎವೆಯಿಕ್ಕದೆ ಉರಿಯುತ್ತಿತ್ತು. ಅಂಗೈ ಊರುವ ಜಾಗಕ್ಕೆ ಕಿವಿಯಿಟ್ಟರೆ ಟಿಕ್, ಒಂದು ಉಸಿರಿನಷ್ಟು ಮೌನ, ಮತ್ತೆ ಟಿಕ್. ಡಿಸ್ಕ್ ಒಂದೇ ಜಾಗವನ್ನು ಓದಲು ಹೋಗಿ ಸೋಲುತ್ತಿತ್ತು. ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆರಿಸಿದೆ, ಅದರ ಬದಲಿಗೆ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕಿಸಿದೆ. ವಿಂಡೋಸ್ ಮತ್ತೆ ಕೊಳ್ಳಬೇಕೇನೋ ಎಂಬ ಹೆದರಿಕೆಯಿತ್ತು; ಬೇಕಾಗಲಿಲ್ಲ. ವಿಂಡೋಸ್ 8ರ ಕಾಲದಿಂದ ಕಂಪನಿಗಳು ಪರವಾನಗಿಯ ಕೀಲಿಯನ್ನು ಮದರ್‌ಬೋರ್ಡ್‌ನಲ್ಲೇ ಇಟ್ಟು ಕಳಿಸುತ್ತವೆ. ಮೊದಲು ವಿಂಡೋಸ್‌ನ ಹೋಮ್ ಆವೃತ್ತಿ ಇದ್ದಲ್ಲಿ ಹೋಮ್ ಹಾಕಿದರೆ ತಾನಾಗಿಯೇ ಗುರುತು ಹಿಡಿಯುತ್ತದೆ.

— ಎಲ್ಲವನ್ನೂ ಡಿಸ್ಕ್‌ನ ತಲೆಗೆ ಕಟ್ಟಬೇಡಿ. ನನ್ನದರ ಡಿಸ್ಕ್ ಗಟ್ಟಿಯಾಗಿಯೇ ಇತ್ತು. ಮಾರಿದವರು ಡಿಸ್ಕ್ ಬದಲಿಸುವಾಗ ರಿಕವರಿ ಪಾರ್ಟಿಷನ್ (ರಿಕವರಿಯ ಕಡತಗಳನ್ನಿಡುವ ಡಿಸ್ಕ್‌ನ ಭಾಗ) ಅರೆಬರೆ ನಕಲಾಗಿತ್ತು. ಮಡಕೆಯಲ್ಲಿ ಅಕ್ಕಿಯೇ ಇಲ್ಲದಿದ್ದರೆ ಒಲೆ ಎಷ್ಟು ಹೊತ್ತು ಉರಿದರೇನು? 8 ಜಿಬಿ ಪೆನ್‌ಡ್ರೈವ್, ಯಾರದಾದರೂ ಕಂಪ್ಯೂಟರ್, ಮೈಕ್ರೋಸಾಫ್ಟ್ ಜಾಲತಾಣದ ಮೀಡಿಯಾ ಕ್ರಿಯೇಷನ್ ಟೂಲ್, ವಿಂಡೋಸ್ ಅನ್ನು ಪೆನ್‌ಡ್ರೈವ್‌ಗೆ ತುಂಬಿ ಹೊಸದಾಗಿ ಹಾಕಲು ಇಷ್ಟು ಸಾಕು. ಪೆನ್‌ಡ್ರೈವ್‌ನಿಂದ ಶುರುವಾಗಲೆಂದು ಆರಿಸಿಕೊಳ್ಳುವ ಬೂಟ್ ಮೆನುವಿಗೆ, ಆನ್ ಮಾಡಿದೊಡನೆ ಒತ್ತುವ ಗುಂಡಿ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಹಳೆಯ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿಯೇ ಹಾಕಿ. ಚಾರ್ಜರ್ ಕೀಳಬೇಡಿ.

— ನಡುವೆ ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಕೀಲಿ ಕೇಳಿದರೆ ಹಿಂದಿನ ಮಾಲೀಕರನ್ನು ಹುಡುಕಿಕೊಂಡು ಹೋಗಬೇಡಿ, ಪಾರ್ಟಿಷನ್ ಅಳಿಸುವವರಿಗೆ ಅದರ ಹಂಗಿಲ್ಲ. ಬಯಾಸ್‌ಗೇ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡ್‌ನ ತಂತ್ರಾಂಶ) ಪಾಸ್‌ವರ್ಡ್ ಇದ್ದರೆ ಮಾತ್ರ ಕೊಂಡ ಅಂಗಡಿಗೇ ಒಯ್ಯಿರಿ. ಇನ್ನೊಂದು ಮಾತು: ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪ್ರೊಸೆಸರ್ ಇಂಟೆಲ್ ಎಂಟನೆಯ ಪೀಳಿಗೆ ಅಥವಾ ಅದರ ನಂತರದ್ದಾಗಿದ್ದು, ಟಿಪಿಎಂ 2.0 (ಭದ್ರತೆಯ ಚಿಪ್) ಇದ್ದರೆ 11 ಅನ್ನೇ ಹಾಕಿಬಿಡಿ.

— ಕೇಳಿದವಳು ನಾನೇ. ಕಿವಿಯಿಟ್ಟೆ, ಸದ್ದಿಲ್ಲ, ದೀಪವೂ ಇಲ್ಲ. ಧೈರ್ಯ ಮಾಡಿ ಆರಿಸಿದೆ. ಪೆನ್‌ಡ್ರೈವ್‌ನಿಂದ ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಆದರೆ ಈಗ ವೈಫೈಯೇ ಕಾಣಿಸುತ್ತಿಲ್ಲವಲ್ಲ!

— ಡ್ರೈವರ್ ಬಂದಿಲ್ಲ, ಅಷ್ಟೇ. ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ (ಮೊಬೈಲಿನ ಇಂಟರ್‌ನೆಟ್ ಹಂಚುವ ಆಯ್ಕೆ) ಹಾಕಿ, ವಿಂಡೋಸ್ ಅಪ್‌ಡೇಟ್ ಓಡಿಸಿ.