ಕ್ರೂಸ್ ಡಿನ್ನರ್‌ಗೆ ಏನ್ ಹಾಕ್ಕೊಳೋದು? ಮನೇಲಿ ದೊಡ್ಡ ಪಂಚಾಯ್ತಿ ನಡೀತಿದೆ

ಗಂಟುಮೂಟೆ:

ಎಲ್ರಿಗೂ ನಮಸ್ಕಾರ. ಮುಂದಿನ ತಿಂಗಳು ಫಸ್ಟ್ ಟೈಮ್ ಕ್ರೂಸ್‌ಗೆ ಹೋಗ್ತಿದೀವಿ, 7 ರಾತ್ರಿ. ನಾನು, ನಮ್ಮನೆಯವ್ರು, ಅತ್ತೆ, ಹದಿನಾರು ವರ್ಷದ ಮಗ. ಹಗಲು ಹೊತ್ತು ಏನ್ ಹಾಕ್ಕೊಳೋದು ಅನ್ನೋ ತಲೆಬಿಸಿ ಇಲ್ಲ, ತಲೆಬಿಸಿ ಎಲ್ಲ ರಾತ್ರಿ ಊಟದ್ದು. ಬುಕಿಂಗ್ ಮಾಡ್ಕೊಟ್ಟೋರು ಒಂದು ಪಿಡಿಎಫ್ ಕಳಿಸಿದಾರೆ, ಅದ್ರಲ್ಲಿ ಸ್ಮಾರ್ಟ್ ಕ್ಯಾಶುವಲ್, ಎಲಿಗಂಟ್, ರೆಸಾರ್ಟ್ ವೇರ್ ಅಂತೆಲ್ಲ ಇದೆ, ಮೂರು ಸಲ ಓದಿದ್ರೂ ಪ್ಯಾಂಟ್ ಯಾವ್ದು ಇಡ್ಬೇಕು ಅಂತ ಗೊತ್ತಾಗ್ಲಿಲ್ಲ.

ಯೂಟ್ಯೂಬ್ ನೋಡೋಣ ಅಂದ್ರೆ ಅಲ್ಲೊಬ್ಳು ನೆಲ ಗುಡಿಸೋ ಅಷ್ಟುದ್ದದ ಗೌನ್ ಹಾಕ್ಕೊಂಡು ಮೆಟ್ಲು ಇಳೀತಿದಾಳೆ, ಇನ್ನೊಂದು ವಿಡಿಯೋದಲ್ಲಿ ಅದೇ ಹಡಗಲ್ಲಿ ಚಡ್ಡಿ ಹಾಕ್ಕೊಂಡು ಆರಾಮಾಗಿ ಕೂತು ತಿಂತಿದಾರೆ. ಯಾವ್ದು ನಂಬೋದು ಸ್ವಾಮಿ?

ನಮ್ಮನೆಯವ್ರಿಗೆ ಕೋಟು ಟೈ ಅಂದ್ರೆ ಅಲರ್ಜಿ, ರಜಾ ಹಾಕಿ ಹೋಗಿ ಅಲ್ಲೂ ಕತ್ತಿಗೆ ಟೈ ಬಿಗ್ಕೊಳ್ಳಾ ಅಂತಾರೆ. ಅತ್ತೆ ಪೂರ್ತಿ ಉಲ್ಟಾ, ಏಳು ರಾತ್ರಿಗೆ ಏಳು ಜೊತೆ ಆಗ್ಲೇ ಮಂಚದ ಮೇಲೆ ಜೋಡಿಸಿಟ್ಟಾಗಿದೆ, ಮ್ಯಾಚಿಂಗ್ ಚಪ್ಪಲಿ ಸಮೇತ. ಮಗ ಹೂಡಿ (ಟೋಪಿ ಇರೋ ಸ್ವೆಟ್‌ಶರ್ಟ್) ಬಿಟ್ರೆ ಬೇರೆ ಏನೂ ಮೈಮೇಲೆ ಹಾಕಲ್ಲ. ಹಡಗು ಹತ್ತೋಕೆ ಮುಂಚೆ ಫ್ಲೈಟ್ ಬೇರೆ ಇದೆ, ಲಗೇಜ್ ತೂಕ ನೋಡ್ಕೋಬೇಕು.

ಕೋಟು ಇಲ್ದಿದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತಾರಾ? ದಿನಾ ಬೇರೆ ಬೇರೆ ಡ್ರೆಸ್ ಬೇಕಾ? ಹೋಗಿ ಬಂದೋರು ಸ್ವಲ್ಪ ಹೇಳಿ ಪುಣ್ಯ ಬರುತ್ತೆ.

ಡೆಕ್ ಮೇಲಿನ ಗಾಳಿ:

ಮೇಡಂ ಮುಖ್ಯವಾದ್ದೇ ಬಿಟ್ಬಿಟ್ರಿ, ಯಾವ ಕಂಪನಿ ಹಡಗು? ಎಲ್ಲಾ ಕ್ರೂಸ್‌ಗೂ ಒಂದೇ ಡ್ರೆಸ್ ಕೋಡ್ ಅಂತ ಇಲ್ಲ. ಗೌನ್ ವಿಡಿಯೋನೂ ನಿಜ ಚಡ್ಡಿ ವಿಡಿಯೋನೂ ನಿಜ, ಒಂದೇ ಹಡಗಲ್ಲಿ ಒಂದೇ ರಾತ್ರಿ ಎರಡೂ ನಡೀತಿರುತ್ತೆ, ಗೌನ್ ಇರೋದು ಮೇನ್ ಡೈನಿಂಗ್ ರೂಮಲ್ಲಿ, ಚಡ್ಡಿ ಇರೋದು ಮೇಲ್ಗಡೆ ಬಫೆಯಲ್ಲಿ. ಬಹಳಷ್ಟು ಹಡಗಲ್ಲಿ ಡ್ರೆಸ್ ಕೋಡ್ ಅನ್ನೋದು ಆ ಡೈನಿಂಗ್ ರೂಮ್ ಮತ್ತೆ ಎಕ್ಸ್‌ಟ್ರಾ ದುಡ್ಡು ಕೊಟ್ಟು ಕೂರೋ ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳಿಗೆ ಅಷ್ಟೆ.

ಕಂಪನಿ ಕಂಪನಿಗೆ ಎಷ್ಟು ವ್ಯತ್ಯಾಸ ಅಂದ್ರೆ, ನಾರ್ವೀಜಿಯನ್ ಕ್ರೂಸ್ ಲೈನ್‌ನೋರು 2000ದಲ್ಲೇ ಫ್ರೀಸ್ಟೈಲ್ ಅಂತ ಶುರು ಮಾಡಿ ಕಡ್ಡಾಯದ ಫಾರ್ಮಲ್ ನೈಟನ್ನೇ (ಕೋಟು, ಗೌನ್ ಅಂತ ಭರ್ಜರಿ ಡ್ರೆಸ್ ಮಾಡ್ಕೊಂಡು ಊಟಕ್ಕೆ ಬರೋ ರಾತ್ರಿ) ಕೈಬಿಟ್ರು. ಸೆಲೆಬ್ರಿಟಿ ಕ್ರೂಸಸ್ ಕಂಪನಿಯವ್ರು 2015ರ ಕೊನೇಲಿ ಫಾರ್ಮಲ್ ನೈಟ್ ತೆಗೆದು ಈವನಿಂಗ್ ಶಿಕ್ ಅಂತ ಇಟ್ರು, ಅಂದ್ರೆ ನೀಟಾಗಿ ಬನ್ನಿ, ಟಕ್ಸಿಡೋ ಬೇಡ ಅಂತ. ವೈಕಿಂಗ್ ಹಡಗಲ್ಲಿ ಫಾರ್ಮಲ್ ನೈಟ್ ಇಲ್ವೇ ಇಲ್ಲ. ವರ್ಜಿನ್ ವಾಯೇಜಸ್‌ನಲ್ಲಿ ಡ್ರೆಸ್ ಕೋಡೇ ಇಲ್ಲ, ಆದ್ರೆ ಸ್ಕಾರ್ಲೆಟ್ ನೈಟ್ ಅಂತ ಒಂದು ರಾತ್ರಿ ಇದೆ, ಅವತ್ತು ಹಡಗು ತುಂಬ ಕೆಂಪು ಬಟ್ಟೆ, ಆದ್ರೆ ಆ ಹಡಗೇ ವಯಸ್ಕರಿಗೆ ಮಾತ್ರ, ಮಗ ಇರೋದ್ರಿಂದ ನಿಮ್ಮದು ಅದಲ್ಲ. ಇದರ ಪೂರ್ತಿ ಇನ್ನೊಂದು ತುದೀಲಿ ಕ್ಯುನಾರ್ಡ್. ರಾಯಲ್ ಕೆರಿಬಿಯನ್, ಕಾರ್ನಿವಲ್, ಎಂಎಸ್‌ಸಿ ಎಲ್ಲ ಮಧ್ಯದಲ್ಲಿ ಬರುತ್ತೆ.

ಕಂಪನಿ ಹೆಸರು ಹೇಳಿ, ಆಮೇಲೆ ಸೂಟ್‌ಕೇಸ್ ತೆಗೀರಿ.

ಚಪ್ಪಲಿ ಪ್ರಿಯ:

ಅಯ್ಯೋ ಬಿಡಿ ಅಕ್ಕ, ಇಷ್ಟೆಲ್ಲ ಯೋಚ್ನೆ ಮಾಡೋ ವಿಷಯನೇ ಅಲ್ಲ ಇದು. ಎರಡು ಪ್ಯಾಂಟು ನಾಕು ಶರ್ಟು ಮುಗೀತು. ನಿಮ್ಮನ್ನ ಯಾರೂ ನೋಡಲ್ಲ, ಅವ್ರವ್ರ ತಟ್ಟೆ ನೋಡ್ಕೊಂಡಿರ್ತಾರೆ. ನಾವಂತೂ ಫಾರ್ಮಲ್ ನೈಟ್ ಅಂದ್ರೆ ಸೀದಾ ಬಫೆಗೆ ಹೋಗ್ತೀವಿ, ಅವತ್ತು ಅಲ್ಲಿ ಕ್ಯೂನೂ ಕಮ್ಮಿ ಕಿಟಕಿ ಪಕ್ಕದ ಸೀಟೂ ಸಿಗುತ್ತೆ. ನಿಮ್ಮನೆಯವ್ರಿಗೆ ನನ್ನ ಫುಲ್ ಸಪೋರ್ಟ್ 😄

ಬಿಳಿ ಕಾಲರ್:

ಮೇಲಿನೋರು ಹೇಳಿದ್ದನ್ನ ಕೇಳಿ ಕ್ಯುನಾರ್ಡ್ ಹತ್ತಿದ್ರೆ ಕಷ್ಟ ಆಗುತ್ತೆ, ಅದಕ್ಕೆ ಬರೀತಿದೀನಿ. ಅಲ್ಲಿ ಸಂಜೆ 6ರ ಮೇಲೆ ಡೈನಿಂಗ್ ರೂಮ್ ಮಾತ್ರ ಅಲ್ಲ, ಹಡಗಿನ ಬಹುಪಾಲು ಜಾಗಕ್ಕೆ ಡ್ರೆಸ್ ಕೋಡ್ ಲಾಗೂ. ಗಾಲಾ ಈವನಿಂಗ್ (ಅವರ ಫಾರ್ಮಲ್ ನೈಟ್) ದಿನ ಗಂಡಸರಿಗೆ ಡಿನ್ನರ್ ಜಾಕೆಟ್ ಅಥವಾ ಡಾರ್ಕ್ ಸೂಟು, ಬೋ ಟೈ ಅಥವಾ ಮಾಮೂಲಿ ಟೈ, ಹೆಂಗಸರಿಗೆ ಈವನಿಂಗ್ ಗೌನ್, ಕಾಕ್‌ಟೇಲ್ ಡ್ರೆಸ್, ಟ್ರೌಸರ್ ಸೂಟ್ ಈ ಥರದ್ದು, ಅವರವರ ದೇಶದ ಸಾಂಪ್ರದಾಯಿಕ ಉಡುಪಾದ್ರೂ ನಡೆಯುತ್ತೆ. ಬ್ಲ್ಯಾಕ್ ಅಂಡ್ ವೈಟ್, ಮಾಸ್ಕರೇಡ್ ಅಂತ ಥೀಮ್ ಬೇರೆ ಇರುತ್ತೆ. ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಅವರ ಕ್ವೀನ್ ಮೇರಿ 2 ಹಡಗು ಹೋಗೋ 7 ರಾತ್ರಿಯಲ್ಲಿ ಸಾಮಾನ್ಯವಾಗಿ 2 ಗಾಲಾ. ಡ್ರೆಸ್ ಮಾಡ್ಕೊಳೋಕೆ ಇಷ್ಟ ಇಲ್ದೋರು ಕಿಂಗ್ಸ್ ಕೋರ್ಟ್ ಬಫೆ, ಗೋಲ್ಡನ್ ಲಯನ್ ಪಬ್ಬು, ಕ್ಯಾಸಿನೋ ಇಂಥ ಕೆಲವೇ ಕಡೆ ಇರ್ಬೇಕು.

ಮತ್ತೆ ಯಾರೂ ನೋಡಲ್ಲ ಅನ್ನೋದು ಒಪ್ಪಲ್ಲ. ಆ ರಾತ್ರಿಗೋಸ್ಕರನೇ ವರ್ಷಗಟ್ಲೆ ಕಾದು ಬರೋರಿದಾರೆ, ಪಕ್ಕದ ಟೇಬಲ್ಲಲ್ಲಿ ಒಬ್ಬ ಬನಿಯನ್ ಥರದ್ದು ಹಾಕ್ಕೊಂಡು ಕೂತ್ರೆ ಅವ್ರ ಫೋಟೋದಲ್ಲಿ ಜೀವನಪೂರ್ತಿ ಆತನೇ. ಹಾಕ್ಕೊಳೋಕೆ ಇಷ್ಟ ಇಲ್ಲಾಂದ್ರೆ ಅಂಥ ರಾತ್ರಿ ಇಲ್ದಿರೋ ಹಡಗು ಬೇಕಾದಷ್ಟಿದೆ, ಅದನ್ನ ಹತ್ತಿ.

ಅಂದ ಹಾಗೆ, ಮೊದಲ ರಾತ್ರಿ ಸಾಮಾನ್ಯವಾಗಿ ಫಾರ್ಮಲ್ ಇಡಲ್ವಲ್ಲ, ಅದು ಹಳೇ ಕಾಲದ ಲೈನರ್‌ಗಳಿಂದ (ಸಮುದ್ರ ದಾಟಿಸೋ ಪ್ರಯಾಣಿಕರ ಹಡಗು) ಬಂದ ಪದ್ಧತಿ. ಟ್ರಂಕು ಇನ್ನೂ ಬಿಚ್ಚಿರ್ತಿರ್ಲಿಲ್ಲ ಅಂತ ಫಸ್ಟ್ ಕ್ಲಾಸ್‌ನೋರೂ ಮೊದಲ್ನೇ ರಾತ್ರಿ ಪ್ರಯಾಣದ ಬಟ್ಟೇಲೇ ಊಟಕ್ಕೆ ಬರ್ತಿದ್ರು, ಕೊನೇ ರಾತ್ರಿ ಮತ್ತೆ ಟ್ರಂಕು ಕಟ್ಟಿರ್ತಿತ್ತು. ಆಗ ಪೆಟ್ಟಿಗೆಗೆ ಎರಡು ಥರ ಚೀಟಿ ಅಂಟಿಸೋರು, ಕ್ಯಾಬಿನ್‌ಗೆ ಬರೋದಕ್ಕೆ ಒಂದು, ಪ್ರಯಾಣದಲ್ಲಿ ಬೇಡ ಅಂತ ಕೆಳಗೆ ಗೋಡೌನ್‌ಗೆ ಹೋಗೋದಕ್ಕೆ ಇನ್ನೊಂದು. ಈಗ್ಲೂ ಮೊದಲ ರಾತ್ರಿ ಕೊನೇ ರಾತ್ರಿ ಸಾಮಾನ್ಯವಾಗಿ ಫಾರ್ಮಲ್ ಇರಲ್ಲ.

ಚಪ್ಪಲಿ ಪ್ರಿಯ:

ಸರ್ ಫೋಟೋದಲ್ಲಿ ಬಂದಿದ್ದು ನಾನೇ ಇರ್ಬಹುದು, ಕ್ಷಮಿಸಿ 🙏

ಗಂಟುಮೂಟೆ:

ಎಲ್ರಿಗೂ ಥ್ಯಾಂಕ್ಸ್. ಟಿಕೆಟ್ ತೆಗೆದು ನೋಡ್ದೆ, ಕಾರ್ನಿವಲ್. ನಮ್ಮನೆಯವ್ರು ಇದನ್ನೆಲ್ಲ ಓದಿ ಏಳೂ ರಾತ್ರಿ ಬಫೆ ಅಂತ ಅನೌನ್ಸ್ ಮಾಡಿದಾರೆ, ಅತ್ತೆ ಮುಖ ಊದಿಸ್ಕೊಂಡು ಕೂತಿದಾರೆ. ನಂಗೂ ಒಂದು ಸಲನಾದ್ರೂ ಚೆನ್ನಾಗಿ ರೆಡಿಯಾಗಿ ಹೋಗ್ಬೇಕು ಅಂತ ಆಸೆ. ಏನ್ ಮಾಡೋದು ಹೇಳಿ.

ಡೆಕ್ ಮೇಲಿನ ಗಾಳಿ:

ಹಂಗಾದ್ರೆ ಸುಲಭ. ಕಾರ್ನಿವಲ್‌ನಲ್ಲಿ ಎರಡೇ ಥರ, ಕ್ರೂಸ್ ಕ್ಯಾಶುವಲ್ ಮತ್ತೆ ಕ್ರೂಸ್ ಎಲಿಗಂಟ್. 6 ದಿನ ಅಥವಾ ಜಾಸ್ತಿ ಇರೋ ಟ್ರಿಪ್‌ಗೆ 2 ಎಲಿಗಂಟ್ ರಾತ್ರಿ, ಅದಕ್ಕಿಂತ ಚಿಕ್ಕದಕ್ಕೆ 1. ನಿಮ್ಮದು 7 ರಾತ್ರಿ ಅಂದ್ರೆ ಎರಡು ರಾತ್ರಿ ತಯಾರಿ, ಉಳಿದ ಐದು ರಾತ್ರಿ ಅಲ್ಲಿ ಜೀನ್ಸೇ ನಡೆಯುತ್ತೆ. ಯಾವ ದಿನ ಅಂತ ಅವರ ಹಬ್ ಆಪಲ್ಲಿ ಬರುತ್ತೆ, ಸಾಮಾನ್ಯವಾಗಿ ಹಡಗು ಎಲ್ಲೂ ನಿಲ್ದೇ ಸಮುದ್ರದಲ್ಲೇ ಇರೋ ದಿನ ಇಡ್ತಾರೆ, ಯಾಕಂದ್ರೆ ಜನಕ್ಕೆ ಸ್ನಾನ ಮಾಡಿ ರೆಡಿಯಾಗೋಕೆ ಟೈಮ್ ಇರುತ್ತೆ.

ನಿಮ್ಮನೆಯವ್ರಿಗೆ ಹೇಳಿ, ಎಲಿಗಂಟ್ ರಾತ್ರಿ ಕೋಟು ಕಡ್ಡಾಯ ಅಲ್ಲ, ಟೈನೂ ಅಲ್ಲ. ಡಾರ್ಕ್ ಕಲರ್ ಫಾರ್ಮಲ್ ಪ್ಯಾಂಟು, ಕಾಲರ್ ಇರೋ ಫುಲ್ ತೋಳಿನ ಶರ್ಟು, ಶೂಸು, ಇಷ್ಟಿದ್ರೆ ಯಾರೂ ತಡೆಯಲ್ಲ. ತಡೆಯೋದು ಬೇರೆ ಸಾಮಾನಿಗೆ: ಚಡ್ಡಿ, ಟೀಶರ್ಟು, ಹವಾಯಿ ಚಪ್ಪಲಿ, ತೋಳಿಲ್ಲದ ಬನಿಯನ್ನು, ಆಟದ ಜೆರ್ಸಿ, ಕ್ಯಾಪು. ಅವ್ರು ನೋಡೋದು ಶ್ರೀಮಂತಿಕೆ ಅಲ್ಲ ಮೇಡಂ, ಸ್ವಿಮ್ಮಿಂಗ್ ಪೂಲಿಂದ ಎದ್ದು ಸೀದಾ ಬಂದಿದಾನಾ ಇಲ್ವಾ ಅನ್ನೋದನ್ನ ಅಷ್ಟೆ.

ಮಗನಿಗೂ ಅದೇ ಲೆಕ್ಕ, ಒಂದು ಕಾಲರ್ ಶರ್ಟು ಒಂದು ಹರಿದಿಲ್ದಿರೋ ಪ್ಯಾಂಟು. ಹೂಡಿ ಉಳಿದ ರಾತ್ರಿಗಳಿಗೆ ಇಟ್ಕೊಳ್ಲಿ, ಡೆಕ್ ಮೇಲೆ ಗಾಳಿಗೆ ಬೇಕೇ ಬೇಕಾಗುತ್ತೆ.

ಬಫೆ ಏಳೂ ರಾತ್ರಿ ಅನ್ನೋದು ಅನ್ಯಾಯ. ನಿಮ್ಮನೆಯವ್ರು ಎರಡು ಗಂಟೆ ಶೂ ಹಾಕ್ಕೊಂಡು ಕೂತು ಅಮ್ಮನ ಜೊತೆ ಒಂದು ಫೋಟೋ ತೆಗೆಸ್ಕೊಂಡು ಆಮೇಲೆ ರೂಮಿಗೆ ಹೋಗಿ ಚಡ್ಡಿ ಹಾಕ್ಕೊಂಡು ಎಲ್ಲಿ ಬೇಕಾದ್ರೂ ತಿರುಗ್ಲಿ, ಕಾರ್ನಿವಲ್‌ನಲ್ಲಿ ಊಟ ಆದ್ಮೇಲೆ ಕೇಳೋರಿಲ್ಲ.

ಮಡಿಕೆ ಬಿಚ್ಚಮ್ಮ:

ಡ್ರೆಸ್ ಯಾವ್ದು ಅಂತ ಎಲ್ರೂ ಹೇಳಿದ್ರು, ಅದನ್ನ ಹಾಕ್ಕೊಳೋ ಸ್ಥಿತೀಲಿ ಇಡೋದು ಹೆಂಗೆ ಅಂತ ಯಾರೂ ಹೇಳ್ಲಿಲ್ವಲ್ಲ, ಗಂಡಸರು ಅಲ್ವಾ 😀

ಹಡಗಿನ ಕ್ಯಾಬಿನ್‌ನಲ್ಲಿ ಇಸ್ತ್ರಿ ಪೆಟ್ಟಿಗೆ ತರಂಗಿಲ್ಲ, ಬೆಂಕಿ ಭಯ, ಬಟ್ಟೆ ಸ್ಟೀಮರ್‌ನೂ ತೆಗೆದಿಟ್ಕೊಂಡು ಕೊನೇ ದಿನ ವಾಪಸ್ ಕೊಡ್ತಾರೆ. ಕ್ಯುನಾರ್ಡ್, ಪ್ರಿನ್ಸೆಸ್ ಥರದ ಕಂಪನಿಗಳ ಹಡಗಲ್ಲಿ ನಾವೇ ಒಗೆದು ಇಸ್ತ್ರಿ ಮಾಡ್ಕೊಳೋ ಲಾಂಡ್ರಿ ರೂಮ್ ಇರುತ್ತೆ, ರಾಯಲ್ ಕೆರಿಬಿಯನ್‌ನಲ್ಲಿ ಅದಿಲ್ಲ, ದುಡ್ಡು ಕೊಟ್ಟು ಮಾಡಿಸ್ಬೇಕು. ನಿಮ್ಮ ಹಡಗಲ್ಲಿ ಏನಿದೆ ಅಂತ ಮೊದ್ಲೇ ಕೇಳ್ಕೊಳಿ. ಅದಕ್ಕಿಂತ ಒಳ್ಳೇದು ಸುಕ್ಕು ಹಿಡೀದಿರೋ ಬಟ್ಟೆನೇ ತಗೊಂಡು ಹೋಗೋದು. ಜೆರ್ಸಿ ಬಟ್ಟೆ (ಟೀಶರ್ಟ್ ಥರ ಹಿಗ್ಗೋದು), ಪಾಲಿಯೆಸ್ಟರ್ ಮಿಕ್ಸ್, ಸಣ್ಣ ನೆರಿಗೆ ಇರೋದು ಇವೆಲ್ಲ ಸುರುಳಿ ಸುತ್ತಿಟ್ರೂ ಏನೂ ಆಗಲ್ಲ. ಲಿನನ್ ಮಾತ್ರ ಬೇಡವೇ ಬೇಡ, ಸೂಟ್‌ಕೇಸಿಂದ ತೆಗೆದಾಗ ಹಪ್ಪಳ ಮುರಿದಂಗೆ ಇರುತ್ತೆ. ಸ್ವಲ್ಪ ಸುಕ್ಕಿದ್ರೆ ಬಾತ್‌ರೂಮಲ್ಲಿ ತೂಗು ಹಾಕಿ ಬಿಸಿನೀರು ಸ್ನಾನ ಮಾಡಿ, ಆ ಹಬೆಗೇ ಅರ್ಧ ಬಿಡುತ್ತೆ.

ಇನ್ನೊಂದು, ಕ್ಯಾಬಿನ್ ಗೋಡೆಗಳು ಕಬ್ಬಿಣದ್ದು, ಅಂಗಡೀಲಿ ಸಿಗೋ ಮ್ಯಾಗ್ನೆಟ್ ಕೊಕ್ಕೆ ನಾಕೈದು ತಗೊಂಡು ಹೋಗಿ ಗೋಡೆಗೆ ಅಂಟಿಸ್ಬಿಟ್ರೆ ನಾಕು ಜನದ ರಾತ್ರಿ ಬಟ್ಟೆ ಹ್ಯಾಂಗರ್ ಸಮೇತ ತೂಗು ಹಾಕ್ಬಹುದು. ನಾಕು ಜನ ಒಂದೇ ಕ್ಯಾಬಿನ್ ಆದ್ರೆ ಒಳಗಿರೋ ಕಬೋರ್ಡ್ ಎಲ್ಲಿ ಸಾಲುತ್ತೆ.

ಹತ್ತಿದ ದಿನ ದೊಡ್ಡ ಬ್ಯಾಗು ಕೆಳಗೇ ತಗೋತಾರೆ, ಅದು ರೂಮಿನ ಬಾಗಿಲಿಗೆ ಬರೋಷ್ಟೊತ್ತಿಗೆ ಸಾಯಂಕಾಲ ಆಗ್ಬಹುದು, ಕೆಲವು ಸಲ ಊಟ ಆದ್ಮೇಲೆ. ಅದಕ್ಕೆ ಮೊದಲ ರಾತ್ರಿ ಊಟದ ಬಟ್ಟೆ ಕೈಲಿರೋ ಬ್ಯಾಗಲ್ಲೇ ಇರ್ಲಿ. ಕೊನೇ ರಾತ್ರಿ ಬ್ಯಾಗು ಬಾಗಿಲ ಹೊರಗಿಡೋಕೆ ಹೇಳ್ತಾರೆ, ಆಗ ಮಾರನೇ ದಿನದ ಬಟ್ಟೇನೂ ಸೇರಿಸಿ ಪ್ಯಾಕ್ ಮಾಡಿ ಕೊಟ್ಬಿಟ್ಟು ರಾತ್ರಿ ಡ್ರೆಸ್ಸಲ್ಲೇ ಇಳಿದೋರೂ ಇದಾರೆ.

ಡೈನಿಂಗ್ ರೂಮಲ್ಲಿ ಏಸಿ ಮೈ ಕೊರೆಯುತ್ತೆ. ಅತ್ತೆಯವ್ರಿಗೆ ಒಂದು ಶಾಲು ಖಂಡಿತ ಇಡಿ, ಎಲ್ಲಾ ಬಟ್ಟೆಗೂ ಹೊಂದೋ ಕಪ್ಪು ಇಲ್ಲಾ ಕ್ರೀಮ್ ಕಲರ್ರು. ಚಪ್ಪಲಿ ವಿಷಯ ಅದಕ್ಕಿಂತ ಮುಖ್ಯ. ಬಹಳ ಹಡಗಲ್ಲಿ ಮೇನ್ ಡೈನಿಂಗ್ ರೂಮ್ ಹಿಂಭಾಗದಲ್ಲಿರುತ್ತೆ, ನಡುಭಾಗಕ್ಕಿಂತ ಅಲ್ಲಿ ಅಲುಗಾಟ ಜಾಸ್ತಿ, ಅಲೆ ಇರೋ ದಿನ ಪೆನ್ಸಿಲ್ ಹೀಲ್ಸ್ ಹಾಕ್ಕೊಂಡು ಟೇಬಲ್‌ಗಳ ಮಧ್ಯೆ ಹೋಗೋವಾಗ ನೆಲ ಒಂದು ಕ್ಷಣ ಕೆಳಗೆ ಹೋದಂಗೆ ಆಗಿ ಸಿಕ್ಕಿದ ಕುರ್ಚಿ ಬೆನ್ನು ಹಿಡ್ಕೋಬೇಕಾಗುತ್ತೆ. ಅಗಲ ಹಿಮ್ಮಡಿಯದ್ದು ಇಲ್ಲಾ ಚಪ್ಪಟೆದು ಸಾಕು. ಅತ್ತೆಯವ್ರದ್ದು ಏಳು ಜೊತೆ ಚಪ್ಪಲಿ ಇದ್ರೆ ಆರು ಇಳಿಸಿ, ತೂಕದ ಕಥೆ ಅಲ್ಲೇ ಮುಗಿಯುತ್ತೆ.

ದಿನಾ ಬೇರೆ ಡ್ರೆಸ್ ಬೇಡ. ಒಂದು ಕಪ್ಪು ಪ್ಯಾಂಟು ಇಲ್ಲಾ ಉದ್ದ ಸ್ಕರ್ಟು ಕೆಳಗೆ, ಮೇಲೆ ಮೂರು ಟಾಪು, ಎರಡು ಸ್ಟೋಲು, ಸ್ವಲ್ಪ ಹೊಳೆಯೋ ಕಿವಿಯೋಲೆ. ನಿನ್ನೆದೇ ಪ್ಯಾಂಟು ಅಂತ ಯಾರಿಗೂ ಗೊತ್ತಾಗಲ್ಲ, ಜನ ನೋಡೋದು ಟೇಬಲ್ ಮೇಲಿಂದ ಮೇಲಷ್ಟೆ.

ಗಂಟುಮೂಟೆ:

ಅಕ್ಕ ಮ್ಯಾಗ್ನೆಟ್ ಕೊಕ್ಕೆ ವಿಷಯ ಸೂಪರ್, ಇವತ್ತೇ ತರ್ತೀನಿ. ನಮ್ಮನೆಯವ್ರು ಒಂದು ಎಲಿಗಂಟ್ ರಾತ್ರಿಗೆ ಒಪ್ಪಿದಾರೆ, ಕೋಟಿಲ್ದೆ, ಎರಡನೇದು ಅಲ್ಲಿ ಹೋಗಿ ನೋಡೋಣ ಅಂತಾರೆ. ಅತ್ತೆ ಚಪ್ಪಲಿ ಮಾತ್ರ ಮೂರಕ್ಕಿಂತ ಕೆಳಗೆ ಇಳೀತಿಲ್ಲ.

ಒಂದೇ ಡೌಟು. ಊಟದ ಟೈಮು ಕೇಳಿದಾರೆ, ಬೇಗದ್ದು, ಲೇಟಾಗಿರೋದು, ಯಾವಾಗ ಬೇಕಾದ್ರೂ ಬರೋದು ಅಂತ ಮೂರಿದೆ. ರೆಡಿಯಾಗೋಕೆ ಯಾವ್ದು ಅನುಕೂಲ?

ಮಡಿಕೆ ಬಿಚ್ಚಮ್ಮ:

ನಾಕು ಜನಕ್ಕೆ ಒಂದು ಬಾತ್‌ರೂಮ್ ಅಲ್ವಾ, ಬೇಗದ್ದು ತಗೋಬೇಡಿ. ಬಂದರಲ್ಲಿ ತಿರುಗಿ ಐದು ಗಂಟೆಗೆ ಬಂದು ಆರಕ್ಕೆಲ್ಲ ಎಲ್ರೂ ಸ್ನಾನ ಮಾಡಿ ತಲೆ ಒಣಗಿಸಿ ಕೂರೋದು ಆಗದ ಮಾತು. ಅತ್ತೆಯವ್ರಿಗೆ ಹಸಿವು ತಡೆಯುತ್ತೆ ಅಂದ್ರೆ ಲೇಟಾಗಿರೋದು, ಇಲ್ಲಾಂದ್ರೆ ಯಾವಾಗ ಬೇಕಾದ್ರೂ ಬರೋದು ಹಾಕಿ, ಸ್ನಾನಕ್ಕೆ ಮಗನನ್ನ ಮೊದ್ಲು ಕಳಿಸಿ.